ಏಳರಲ್ಲಿ ಹೊರಟ ಗಂಟು

ಮೂರನೆಯ ಬಸುರಿನಲ್ಲಿ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಆರಲಿ ಎಂದು ನಾನು ಬಯಸಿದ್ದೂ ಇಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ನಾನು ಸೂಲಿಬೆಲೆಯ ಬೇಸಾಯದ ಮನೆಗೆ ಸೊಸೆಯಾಗಿ ಬಂದಿದ್ದೆ. ಮೊದಲೆರಡು ಮಕ್ಕಳೂ ಬೆಂಗಳೂರಿನ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ ಹುಟ್ಟಿದವು. ಒಂದು ಗಂಡು, ಒಂದು ಹೆಣ್ಣು. ನನ್ನದು ಸಣ್ಣ ಮೈಕಟ್ಟು, ಮಗು ಇಳಿದು ಬರಲು ದಾರಿ ಸಾಲದು ಎಂದಿದ್ದರು ಡಾಕ್ಟರಮ್ಮ. ಹೊಕ್ಕುಳ ಕೆಳಗೆ ನೆಟ್ಟಗೆ ಇಳಿದ ಗಾಯದ ಗುರುತು ಸೆಕೆಗಾಲದಲ್ಲಿ ತುರಿಸುತ್ತಿತ್ತು. ಊರ ಹೆಂಗಸರು ಮನೆಗೆ ಬಂದರೆ ಅದನ್ನು ನೋಡದೆ ಹೋಗುತ್ತಿರಲಿಲ್ಲ. ಅವರು ನೋಡಿದ ಮೇಲೆ ನಮ್ಮತ್ತೆ ಎಲೆ ಅಡಿಕೆ ಕೊಡುತ್ತ ಹೇಳುತ್ತಿದ್ದರು:

"ಇವ್ಳಿಗೇನ್ರಮ್ಮ! ನೋವು ತಿನ್ನಂಗಿಲ್ಲ, ತಿಣುಕಂಗಿಲ್ಲ. ನಿದ್ದೆ ಮಾಡಿ ಎದ್ಲು, ಮಗು ಪಕ್ದಲ್ಲಿತ್ತು."

ನಾನು ಮುಗುಳ್ನಗುತ್ತಿದ್ದೆ. ದನಿ ಏರಿಸಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರಲ್ಲ.

ಮೂರನೆಯದು ನಿಂತಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು. "ಹೊಟ್ಟೆ ಮೇಲಿರೋ ಹಾಗೇ ಒಳಗೆ ಗರ್ಭಕೋಶಕ್ಕೂ ಹೊಲಿಗೆ ಹಾಕಿದೀನಮ್ಮ, ಎರಡು ಸಲ, ಒಂದೇ ಜಾಗದಲ್ಲಿ. ನೋವು ಶುರುವಾದ್ರೆ ಅದು ಬಿಟ್ಕೊಳ್ಳಬಹುದು. ಬಿಟ್ಕೊಂಡ್ರೆ ನೀವೂ ಉಳಿಯಲ್ಲ, ಮಗುನೂ ಉಳಿಯಲ್ಲ. ನೋವಿಗೆ ಕಾಯ್ಬೇಡಿ. ಎಂಟು ಹಿಡಿದ ತಕ್ಷಣ ಬಂದು ಇಲ್ಲೇ ಹತ್ತಿರದಲ್ಲಿರಿ."

ನನಗೆ ಅದು ಕಣ್ಣಿಗೆ ಕಟ್ಟಿತು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ತಪ್ಪಿದ ಹೊಲಿಗೆಯನ್ನು ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು. ಅದೇ ಜಾಗದಲ್ಲಿ ಮತ್ತೆ ಮತ್ತೆ ಸೂಜಿ ಆಡಿದರೆ ಬಟ್ಟೆ ಜಾಳಾಗಿ, ಬೆಳಕಿಗೆ ಹಿಡಿದಾಗ ಆಚೆಯ ಕಿಟಕಿಯ ಸರಳು ಕಾಣುತ್ತಿತ್ತು.

ಆದರೆ ನಮ್ಮ ಮನೆಯಲ್ಲಿ ಎಂಟನೆಯ ತಿಂಗಳಲ್ಲಿ ಬಸುರಿ ಊರು ಬಿಡುವಂತಿಲ್ಲ. ಏಳರಲ್ಲಿ ಹೋಗಬಹುದು, ಒಂಬತ್ತರಲ್ಲಿ ಹೋಗಬಹುದು. ಹಾಗಾದರೆ ಏಳರಲ್ಲೇ ಆಸ್ಪತ್ರೆ ಹತ್ತಿರದ ನಮ್ಮಣ್ಣನ ಮನೆಗೆ ಬಿಟ್ಟುಬನ್ನಿ ಎಂದರೆ, ರಾಗಿ ಕಣದಲ್ಲಿತ್ತು, ಎತ್ತಿಗೆ ಬಿಡುವಿರಲಿಲ್ಲ. ಇವತ್ತು ನಾಳೆ ಎನ್ನುತ್ತ ಏಳು ಮುಗಿಯುತ್ತ ಬಂತು.

"ಒಂಬತ್ತು ಬೀಳ್ಲಿ, ನಾನೇ ಮಡ್ಲು ತುಂಬಿ ಕಳಿಸ್ತೀನಿ," ಎಂದರು ಅತ್ತೆ.

"ಅಷ್ಟರೊಳಗೆ ನೋವು ಬಂದ್ರೆ, ಅತ್ತೆ?"

"ಬಂದ್ರೆ ಹೆರು. ನಾನೇನು ಆಸ್ಪತ್ರೆ ಬಾಗ್ಲಲ್ಲಿ ಕೂತು ಹೆತ್ತಿದ್ನಾ?"

ನಮ್ಮನೆಯವರು ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ತಲೆ ಎತ್ತದೆ ಹೇಳಿದರು: "ಅಮ್ಮ ಹೇಳೋದೂ ಸರಿನೇ. ಎರಡು ಸಲ ಕೊಯ್ದಾಗ್ಲೂ ಏನೂ ಆಗ್ಲಿಲ್ಲ. ಈಗ ಮೈಗೆ ರೂಢಿಯಾಗಿರುತ್ತೆ."

ರೂಢಿ! ಹೊಟ್ಟೆ ಕೊಯ್ಯಿಸಿಕೊಳ್ಳುವುದು ಮೈಗೆ ರೂಢಿಯಾಗುತ್ತದಂತೆ. ಎರಡು ಸಲ ಕೊಯ್ದದ್ದರಿಂದಲೇ ಮೂರನೆಯ ಸಲ ಅಪಾಯ ಎಂದು ಎಷ್ಟು ಹೇಳಿದರೂ ಆ ಮನುಷ್ಯನ ಕೈಯಲ್ಲಿ ಕಡಲೆಕಾಯಿ ಸಿಪ್ಪೆ ಒಂದೇ ಸಮನೆ ಪಟಪಟ ಎನ್ನುತ್ತಿತ್ತು. ಪೆಟ್ರೋಲು ಸಿಗದೆ ಹೊಸಕೋಟೆ ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ದಿನಗಳವು. ಏರು ಬಂದರೆ ಗಂಡಸರು ಇಳಿದು ತಳ್ಳಬೇಕು. ನೋವು ಹತ್ತಿದ ಮೇಲೆ ಅದರಲ್ಲಿ ಬೆಂಗಳೂರು ಮುಟ್ಟುವುದು ಹೇಗೆ?

ಎರಡು ದಿನ ಕಳೆದು, ಏಳನೆಯ ತಿಂಗಳ ಕೊನೆಯ ದಿನ, ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋದೆ. ಅಲ್ಲಿ ಒಬ್ಬರೇ ಇದ್ದ ವಯಸ್ಸಾದ ಹೆಂಗಸನ್ನು ನಾನು ಅಕ್ಕ ಎನ್ನುತ್ತಿದ್ದೆ. ಗೋಡೆಯ ಗೂಟದಲ್ಲಿ ನಮ್ಮನೆಯವರ ಟವೆಲಿನ ಗಂಟು ನೇತಾಡುತ್ತಿತ್ತು, ಒಳಗೊಂದು ತೆಂಗಿನಕಾಯಿ.

"ಇದ್ಯಾಕಿಲ್ಲಿದೆ ಅಕ್ಕ?"

"ಪ್ರಸ್ಥಾನ ಕಣಮ್ಮ. ನಿನ್ ಗಂಡ ಕೋರ್ಟಿಗೆ ಹೋಗೋ ದಿನ ಒಳ್ಳೇದಿಲ್ವಂತೆ. ಅದಕ್ಕೆ ಇವತ್ತೇ ಒಳ್ಳೆ ಗಳಿಗೇಲಿ ಗಂಟು ಹೊರಡ್ಸವ್ನೆ. ಗಂಟು ಹೊರಟ್ರೆ ಅವ್ನು ಹೊರಟಂಗೇ."

ಹೊಲದ ಬದುವಿನ ವ್ಯಾಜ್ಯ ಅದು. ಒಂದು ಗೇಣು ಮಣ್ಣಿಗೆ ಶಾಸ್ತ್ರದಲ್ಲಿ ದಾರಿ ಹುಡುಕಿದ್ದರು. ನನ್ನ ಜೀವಕ್ಕೆ ಹುಡುಕಲು ಯಾರಿಗೂ ತೋಚಿರಲಿಲ್ಲ. ಕೈಯಲ್ಲಿದ್ದ ಲೋಟವನ್ನು ಅಲ್ಲೇ ಇಟ್ಟು ಮನೆಗೆ ಬಂದೆ. ಎರಡು ಸೀರೆ, ಮಗುವಿನ ಬಟ್ಟೆ, ಒಂದು ತೆಂಗಿನಕಾಯಿ, ಅರಿಶಿನದ ಕೊಂಬು ಸೇರಿಸಿ ಗಂಟು ಕಟ್ಟಿದೆ. ಹೋಗಿ ಅಕ್ಕನ ಜಗಲಿಯ ಮೇಲೆ ಗಂಟಿಟ್ಟು, ಅದರ ಪಕ್ಕದಲ್ಲೇ ಕೂತೆ.

ಅತ್ತೆ ಓಡಿ ಬಂದರು. "ಏನೇ ಇದು ನಿನ್ ಕಾನ್ವೆಂಟ್ ಆಟ? ಎದ್ದು ಬಾ ಒಳಕ್ಕೆ!"

"ನಾನು ಹೊರಟಾಯ್ತು ಅತ್ತೆ. ಏಳರಲ್ಲೇ ಹೊರಟಿದೀನಿ. ಹೊರಟೋಳು ಅರ್ಧ ದಾರಿಯಿಂದ ತಿರುಗಿ ಬಂದ್ರೆ ಮನೆಗೆ ಒಳ್ಳೇದಾ? ನೀವೇ ಹೇಳಿ."

ಅತ್ತೆ ಮಗನಿಗೆ ಹೇಳಿಕಳಿಸಿದರು. ಕಣದಿಂದ ಬಂದ ನಮ್ಮನೆಯವರ ತಲೆ ತುಂಬ ರಾಗಿ ಹೊಟ್ಟು. "ಜನ ನೋಡ್ತಾರೆ, ಮೆಲ್ಲಗೆ ಮಾತಾಡೇ," ಎಂದರು.

"ನೋಡ್ಲಿ!" ನನ್ನ ದನಿ ನನಗೇ ಹೊಸದಾಗಿತ್ತು. "ನಿಮ್ಮ ಬದುವಿಗೆ ಗಂಟು ಹೊರಡತ್ತೆ, ನಿಮ್ಮ ಮಗು ಹೊತ್ತಿರೋಳಿಗೆ ಗಾಡಿ ಹೊರಡಲ್ವಾ?"

ಒಳಗಿಂದ ಅಕ್ಕ ಅಂದರು: "ಏನಪ್ಪಾ, ನಂಗಿರೋದು ಒಂದೇ ಗೂಟ. ನಿನ್ ಕೋರ್ಟಿನ ಗಂಟು ಇಳಿಸಿ ಇವಳ ಗಂಟು ನೇತಾಕ್ತೀನಿ. ಗಾಡಿ ಕಟ್ತೀಯೋ, ಬಾಣಂತನ ನಂಗೇ ಬಿಡ್ತೀಯೋ?"

ಬೀದಿಯಲ್ಲಿ ಯಾರೋ ನಕ್ಕರು. ಮರುದಿನ ಬೆಳಿಗ್ಗೆ ಅದೇ ಜಗಲಿಯಿಂದ ಗಾಡಿ ಹತ್ತಿದೆ.

ಒಂಬತ್ತರಲ್ಲಿ, ನೋವು ಬರುವ ಮೊದಲೇ, ಆಸ್ಪತ್ರೆಯಲ್ಲಿ ಮಗನನ್ನು ತೆಗೆದರು. ನನಗೆ ಎಚ್ಚರವಾದ ಮೇಲೆ ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತರು. "ಹಳೇ ಹೊಲಿಗೆ ಈರುಳ್ಳಿ ಸಿಪ್ಪೆ ಥರ ಆಗಿತ್ತಮ್ಮ. ನಾನು ಕೊಯ್ಯೋಕೆ ಮುಂಚೆನೇ ಅದರೊಳಗಿಂದ ಮಗು ತಲೆಗೂದಲು ಕಾಣಿಸ್ತಿತ್ತು. ನೋವು ಬಂದಿದ್ರೆ ತಡೀತಿರಲಿಲ್ಲ. ನಾಲ್ಕನೇದು ಬೇಡ."

ಬಾಣಂತನ ಮುಗಿಸಿ ಊರಿಗೆ ಬಂದಾಗ ಆರತಿಗೆ ನೆರೆದ ಹೆಂಗಸರಿಗೆ ಅತ್ತೆ ಹೇಳುತ್ತಿದ್ದರು: "ಪ್ರಸ್ಥಾನ ಇಡ್ಸಿ ಕಳಿಸ್ದೆ ಕಣ್ರಮ್ಮ. ಅದಕ್ಕೇ ಎಲ್ಲ ಸಲೀಸಾಯ್ತು."

ನಮ್ಮನೆಯವರು ನನ್ನತ್ತ ತಿರುಗಿದರು. "ನೋಡಿದ್ಯಾ, ಈ ಸಲಾನೂ ಏನೂ ಆಗ್ಲಿಲ್ವಲ್ಲ."

ನಾನು ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಅದರ ಕುಲಾವಿ ತೆಗೆದೆ. "ಈ ಕೂದಲು ನೋಡಿ. ಹೊಟ್ಟೆ ಒಳಗಿದ್ದಾಗ್ಲೇ ನನ್ನ ಹೊಲಿಗೆಯಿಂದ ಆಚೆಗೆ ಕಾಣಿಸ್ತಿತ್ತಂತೆ. ಅಷ್ಟು ಹರಿದಿದ್ದೆ ನಾನು."

ತಲೆ ಸವರುತ್ತಿದ್ದ ಅತ್ತೆಯ ಕೈ ನಿಂತಿತು. ಆಮೇಲೆ ಅವರು ಕುಲಾವಿಯನ್ನು ಮತ್ತೆ ಕಟ್ಟಿ, "ಹಂಗೆಲ್ಲ ಆಡ್ಬಾರ್ದು, ಮಗೂಗೆ ದೃಷ್ಟಿಯಾಗುತ್ತೆ," ಎಂದರು.

ಗಾಯ ತೋರಿಸು ಎಂದು ಅವತ್ತು ಯಾರೂ ಕೇಳಲಿಲ್ಲ.