ಚರಟವನ್ನು ಚೆಲ್ಲದವರು

ಲೋಹದ ಅಂಶ ಕಡಿಮೆಯೆಂದು ಗಣಿಗಳು ಗುಡ್ಡೆ ಹಾಕಿ ಮರೆತುಬಿಟ್ಟ ಅದಿರನ್ನು ಆಮ್ಲದಲ್ಲಿ ನೆನೆಸಿ, ಬೇಕಾದ ಲೋಹವನ್ನು ದ್ರಾವಣಕ್ಕೆ ಇಳಿಸಿ, ಬೇಡದ ಮಣ್ಣನ್ನು ಹಿಂದೆ ಬಿಡುವ ವಿದ್ಯೆಯಲ್ಲಿ ಮೂವತ್ತೆಂಟು ವರ್ಷ ದುಡಿದು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಪ್ರಯೋಗಾಲಯದ ಹಿರಿಯ ರಸಾಯನಶಾಸ್ತ್ರಜ್ಞೆಯವರನ್ನು ಕುರಿತು ಈ ಅಭಿನಂದನ ಸಂಪುಟಕ್ಕೆ ಬರೆಯುವ ಅವಕಾಶ ನನ್ನ ಪಾಲಿಗೆ ಬಂದಿದೆ. ಈ ಕ್ಷೇತ್ರದಲ್ಲಿ ಹೆಸರಿಗೆ ಹಾತೊರೆದವರು ಬಹಳ. ಹಾಳು ಅದಿರಿನ ಮುಂದೆ ತಾಳ್ಮೆಯಿಂದ ಕೂತವರು ಬೆರಳೆಣಿಕೆಯಷ್ಟು. ಅವರು ಈ ಎರಡನೆಯ ಗುಂಪಿನವರು.

ಬೆನ್ನ ಹಿಂದೆ ನಾವೆಲ್ಲ ಅವರನ್ನು 'ಚರಟದ ಮೇಡಂ' ಎನ್ನುತ್ತಿದ್ದೆವು. ಸೋಸುಕಾಗದದ ಮೇಲೆ ಉಳಿದ ಕೆಸರನ್ನು ಒಣಗಿಸಿ, ತೂಗಿ, ಪರೀಕ್ಷಿಸಿ, ಚೀಟಿ ಅಂಟಿಸಿದ ಸೀಸೆಗೆ ತುಂಬುವವರೆಗೆ ಯಾವ ಪ್ರಯೋಗವೂ ಮುಗಿಯಿತೆಂದು ಅವರು ಒಪ್ಪುತ್ತಿರಲಿಲ್ಲ. ಅದಿರಿನಲ್ಲಿದ್ದ ಲೋಹವೆಲ್ಲ ದ್ರಾವಣ, ಚರಟ ಎರಡರಲ್ಲಿ ಸೇರಿ ಸಿಗಲೇಬೇಕೆಂಬುದು ಅವರ ಹಟ. ಅದನ್ನು ಕಂಡು ನಕ್ಕವರಲ್ಲಿ ನಾನೂ ಒಬ್ಬ.

ತಾತ್ಕಾಲಿಕ ನೇಮಕದ ಮೇಲೆ ಸೇರಿದ ಮೂರನೆಯ ವರ್ಷ, ಮುಚ್ಚುವ ಹಂತದಲ್ಲಿದ್ದ ತಾಮ್ರದ ಗಣಿಯೊಂದರ ಹಳೆಯ ಗುಡ್ಡೆಯ ಪರೀಕ್ಷೆ ನನ್ನ ಕೈಗೆ ಬಂತು. ಆಗ ನನ್ನ ಹೆಂಡತಿ ತುಂಬು ಬಸುರಿ. ನನ್ನ ಒಂದು ಕಾಲು ಪ್ರಯೋಗಾಲಯದಲ್ಲಿ, ಇನ್ನೊಂದು ಆಸ್ಪತ್ರೆಯಲ್ಲಿ. ಹತ್ತನೆಯ ದಿನ ದ್ರಾವಣವನ್ನಷ್ಟೇ ಪರೀಕ್ಷಿಸಿ, ನೂರಕ್ಕೆ ತೊಂಬತ್ತೆರಡು ಭಾಗ ತಾಮ್ರ ಇಳಿದಿದೆಯೆಂದು ಬರೆದು, ಚರಟದ ಕೆಲಸ ಆಮೇಲೆ ಎಂದುಕೊಂಡು, ವರದಿಯನ್ನು ಅವರ ಮೇಜಿನ ಮೇಲಿಟ್ಟು ಓಡಿದೆ. ವರದಿಯನ್ನು ಗಣಿಗೆ ಕಳಿಸಲು ನಮ್ಮ ನಿರ್ದೇಶಕರು ತುದಿಗಾಲಲ್ಲಿ ನಿಂತಿದ್ದರು. ಅವರ ಅವಸರಕ್ಕೆ ಮಣಿದು, ಚರಟದ ಅಂಕಿಯಿಲ್ಲದ ಕಾಗದಕ್ಕೆ ಮೇಡಂ ಮೊದಲ ಬಾರಿ ಸಹಿ ಹಾಕಿದರು.

ಮಗಳು ಹುಟ್ಟಿ ನಾಲ್ಕು ದಿನವಾದ ಮೇಲೆ ನಾನು ಮರಳಿದಾಗ, ನನ್ನ ಚರಟವನ್ನು ಅವರೇ ಪರೀಕ್ಷಿಸಿ ಮುಗಿಸಿದ್ದರು.

"ಇದರಲ್ಲಿ ಇನ್ನೂ ಇಪ್ಪತ್ತು ಭಾಗ ಇದೆ ಕಣಪ್ಪ. ಒಟ್ಟು ನೂರ ಹನ್ನೆರಡು. ತಾಮ್ರ ಮರಿ ಹಾಕ್ತಾ?"

ಬಾಯಿ ತೆರೆದ ಪಾತ್ರೆ ಹತ್ತು ದಿನವೂ ಕಿಟಕಿಯ ಬಿಸಿಲಿನಲ್ಲಿತ್ತು. ನೀರು ಆವಿಯಾಗಿ ದ್ರಾವಣ ಗಟ್ಟಿಯಾಗಿತ್ತು. ಉಳಿದ ದ್ರಾವಣ ಎಷ್ಟೆಂದು ಅಳೆಯದೆ ನಾನು ಮೊದಲ ದಿನದ ಅಳತೆಯನ್ನೇ ಹಿಡಿದು ಲೆಕ್ಕ ಉಬ್ಬಿಸಿದ್ದೆ. ವರದಿ ಆಗಲೇ ಗಣಿಯವರ ಕೈಸೇರಿತ್ತು. ನನ್ನ ಕೆಲಸ ಕಾಯಂ ಮಾಡುವ ಸಭೆಯೂ ಅದೇ ವಾರವಿತ್ತು.

"ತಪ್ಪು ನಂದು ಅಂತ ಬರ್ಕೊಡ್ತೀನಿ ಮೇಡಂ."

"ಸಹಿ ನಂದು. ನೀನು ಹೋಗಿ ಮಗೂನ ನೋಡ್ಕೋ."

ವರದಿಯನ್ನು ಹಿಂಪಡೆಯುವ ಪತ್ರದಲ್ಲಿ ಅವರು ತಮ್ಮ ಹೆಸರೊಂದನ್ನೇ ಬರೆದರು. ನನ್ನ ಕೆಲಸ ಕಾಯಂ ಆಯಿತು. ಅವರ ಬಡ್ತಿ ಆರು ವರ್ಷ ಮುಂದಕ್ಕೆ ಹೋಯಿತು. ಆ ಆರು ವರ್ಷದಲ್ಲಿ ಅವರು ಅದೇ ಅದಿರನ್ನು ಮೊದಲು ಹುರಿದು, ಆಮೇಲೆ ಆಮ್ಲಕ್ಕೆ ಒಡ್ಡಿ, ನಿಜಕ್ಕೂ ಇಳಿದಿದ್ದ ಎಂಬತ್ತು ಭಾಗವನ್ನು ಎಂಬತ್ತೊಂಬತ್ತಕ್ಕೆ ಏರಿಸಿದರು. ಚರಟದೊಂದಿಗೆ ತಾಳೆಯಾದ ಆ ಅಂಕಿಯ ಬಲದಿಂದ ಗಣಿ ಇಂದಿಗೂ ನಡೆಯುತ್ತಿದೆ. ನಾನು ಮಾತ್ರ ಬಾಯಿ ಬಿಡಲಿಲ್ಲ.

ಈ ಸಂಪುಟದ ಜೀವನವಿವರದಲ್ಲಿ, ಅವರ ವರದಿಯೊಂದು ದೋಷದಿಂದಾಗಿ ಹಿಂದಕ್ಕೆ ಬಂದಿತೆಂಬ ಸಾಲಿದೆ. ತೆಗೆಯುತ್ತೇವೆಂದು ಸಂಪಾದಕರು ಹೇಳಿದರೂ ಮೇಡಂ ಒಪ್ಪಲಿಲ್ಲವಂತೆ. ಹಾಗಾದರೆ ಆ ದೋಷ ಈ ಲೇಖಕನದೆಂಬ ಮಾತೂ ಅದರ ಪಕ್ಕದಲ್ಲೇ ಅಚ್ಚಾಗಲಿ. ಇಪ್ಪತ್ತೆರಡು ವರ್ಷ ತಡವಾಗಿ ಹೇಳುತ್ತಿದ್ದೇನೆ, ನಾಚಿಕೆಯಾಗುತ್ತಿದೆ.

ನಿವೃತ್ತಿಯ ನಂತರವೂ ಸೀಸೆಗಳ ಕೋಣೆಯ ಬೀಗದ ಕೈ ತಮ್ಮ ಬಳಿಯೇ ಇರಲೆಂದು ಅವರು ಕೇಳಿದ್ದಾರೆ. ಗಟ್ಟಿಮುಟ್ಟಾಗಿ ಬಹುಕಾಲ ಬಾಳಿ, ಆ ಬಾಗಿಲನ್ನು ಅವರೇ ತೆರೆಯುತ್ತಿರಲಿ, ನಮ್ಮ ಅಂಕಿಗಳನ್ನು ಗದರುತ್ತಿರಲಿ. ಅಲ್ಲಿನ ಮೂರನೆಯ ಸಾಲಿನಲ್ಲಿ, ನನ್ನ ಆ ಚರಟ ತುಂಬಿದ ಸೀಸೆಯ ಚೀಟಿಯಲ್ಲಿ, ಪ್ರಯೋಗ ಮಾಡಿದವರ ಹೆಸರಿನ ಜಾಗವನ್ನು ಅವರು ಅಂದು ಖಾಲಿ ಬಿಟ್ಟಿದ್ದರು. ಬೀಳ್ಕೊಡುಗೆಯ ಸಮಾರಂಭ ಮುಗಿದ ಮೇಲೆ ಅವರೆದುರಿಗೇ ಅದನ್ನು ತುಂಬುತ್ತೇನೆ.