ರಸ್ತೆ ಆಟ, ಗುಡ್ಡದ ಆಟ

ಮದುವೆಯಾಗಿ ಹಿರಿಯೂರಿನಿಂದ ಹೊಸದುರ್ಗಕ್ಕೆ ಬಂದಾಗ ನನ್ನ ಸೂಟ್‌ಕೇಸಿನ ತಳದಲ್ಲಿ, ಸೀರೆಗಳ ಕೆಳಗೆ, ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಕಪ್ಪು ಪೆಟ್ಟಿಗೆಯೊಂದಿತ್ತು. ನಾನೂ ನನ್ನ ತಮ್ಮನೂ ಸೇರಿ ಕೊಂಡಿದ್ದ ಪೆಟ್ಟಿಗೆ. ಹೊರಡುವ ದಿನ ಅವನೇ ಅದನ್ನು ಟವೆಲಿನಲ್ಲಿ ಸುತ್ತಿಕೊಟ್ಟು, "ನೀನೇ ಇಟ್ಕ ಅಕ್ಕ, ನನಗೆ ಮೊಬೈಲ್ ಐತೆ" ಅಂದಿದ್ದ. ಗಂಡನ ಮನೆಯಲ್ಲಿ ಅದನ್ನು ಹೊರಗೆ ತೆಗೆಯುವ ಧೈರ್ಯ ನನಗೆ ತಿಂಗಳುಗಟ್ಟಲೆ ಬರಲಿಲ್ಲ. ಹೊಸ ಸೊಸೆ ಹಾಲ್‌ನಲ್ಲಿ ಕಾಲು ಮಡಚಿ ಕೂತು ರಾಕ್ಷಸರ ಮೇಲೆ ಕತ್ತಿ ಬೀಸುವುದನ್ನು ಅತ್ತೆ ಮಾವ ಹೇಗೆ ತೆಗೆದುಕೊಳ್ಳುತ್ತಾರೋ ಎಂಬ ಅಳುಕು.

ಮನೆಯಲ್ಲಿ ನಾವು ನಾಲ್ವರು. ನನ್ನ ಗಂಡ ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಬೆಳಿಗ್ಗೆ ಹೋದರೆ ಮನೆ ಸೇರುವುದು ಸಂಜೆಗೆ. ನಾನು ಊರಿನಲ್ಲೇ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ, ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತಿತ್ತು. ಮಾವ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತರಾದವರು. ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಮತ್ತೆ ವಾಪಸ್ಸು; ಸರ್ವಿಸಿನ ಬಹುಪಾಲು ಇದೊಂದೇ ರಸ್ತೆಯಲ್ಲಿ ಕಳೆದಿತ್ತು. ಅವರದು ಮಾತು ಕಡಿಮೆ. "ಊಟಕ್ಕೆ ಬರ್ರಿ ಮಾವ", "ಕಾಫಿ ಇಡ್ಲಾ" ಇಷ್ಟು ಬಿಟ್ಟರೆ ನಾನು ಅವರ ಹತ್ತಿರ ಮಾತಾಡಿದ್ದು ನೆನಪಿಲ್ಲ. ಅತ್ತೆ ಮಾತಿನವರೇ, ಆದರೆ ಆ ಮಾತೆಲ್ಲ ಅಡುಗೆಮನೆಯಲ್ಲಿ. ಮಾವ ಹಾಲ್‌ಗೆ ಬಂದರೆ ಅವರೂ ದನಿ ತಗ್ಗಿಸುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಮಾವನಿಗೆ ಲಕ್ವ ಹೊಡೆಯಿತು. ಬೇಗ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿದ್ದರಿಂದ ದೊಡ್ಡದೇನೂ ಆಗಲಿಲ್ಲ. ಕಾಲು ಸರಿಹೋಯಿತು, ಮಾತೂ ತೊದಲಿ ತೊದಲಿ ದಾರಿಗೆ ಬಂತು. ಎಡಗೈ ಮಾತ್ರ ಸೋತುಹೋಯಿತು. ಬಾಯಿಯ ಒಂದು ಬದಿ ಸ್ವಲ್ಪ ಎಳೆದುಕೊಂಡಂತೆ ಉಳಿಯಿತು. ಫಿಸಿಯೋಥೆರಪಿಯ ಹುಡುಗಿ ಒಂದು ಮೆತ್ತನೆಯ ಚೆಂಡು ಕೊಟ್ಟು, ದಿನವೂ ಅಮುಕಬೇಕು ಎಂದು ಹೇಳಿ ಕಳಿಸಿದಳು. ಮಾವ ಎರಡು ದಿನ ಅಮುಕಿದರು. ಆಮೇಲೆ ಅದು ಸೋಫಾದ ಕೆಳಗೆ ಸೇರಿತು. ಅತ್ತೆ ತೆಗೆದುಕೊಟ್ಟರೆ ಮತ್ತೆ ಸೋಫಾದ ಕೆಳಗೆ.

"ಗೇರ್ ಹಾಕೋ ಕೈ ಕಣಮ್ಮ ಇದು," ಎಂದರು ಒಂದು ದಿನ, ನನ್ನನ್ನು ನೋಡದೆ, ಆ ಕೈಯನ್ನು ನೋಡುತ್ತ. "ಇದರಾಗೆ ಚೆಂಡು ಹಿಡ್ಕಂಡು ಕುಂತ್ಕಬೇಕಾ?"

ಆ ಮಾತು ಕೇಳಿದ ಮೇಲೆ ನಾನು ಸೂಟ್‌ಕೇಸ್ ತೆಗೆದೆ. ಮಾವನಿಗೆಂದೇ ತೆಗೆದೆ ಎಂದು ಹೇಳಿದರೆ ಪೂರ್ತಿ ನಿಜವಲ್ಲ. ನನಗೂ ಆಡುವ ಆಸೆ ಬಹಳವಿತ್ತು. ಅತ್ತೆಯನ್ನು ಕೇಳಿದಾಗ, "ಟಿವಿ ಕೆಡಲ್ವೇನಮ್ಮ?" ಎಂದಷ್ಟೇ ಕೇಳಿದರು.

ನನ್ನ ಹತ್ತಿರ ಇದ್ದದ್ದು ಎರಡು ಆಟ. ಎರಡರಲ್ಲೂ ರಾಜರು, ಮಾಟಗಾತಿಯರು, ಬೆಂಕಿಯುಗುಳುವ ಪ್ರಾಣಿಗಳು. ಎರಡರಲ್ಲೂ ನಾವು ಆ ಲೋಕದೊಳಗಿನ ಒಬ್ಬರಾಗಿ ಓಡಾಡಬೇಕು. ಮೇಲುನೋಟಕ್ಕೆ ಅಣ್ಣ ತಮ್ಮಂದಿರಂತೆ ಕಾಣುವ ಈ ಆಟಗಳ ಸ್ವಭಾವ ಮಾತ್ರ ಪೂರ್ತಿ ಬೇರೆ. ಮೊದಲನೆಯದರಲ್ಲಿ ನೀವು ಯಾರೆಂಬುದು ಆಗಲೇ ತೀರ್ಮಾನವಾಗಿದೆ: ಕೂಲಿಗೆ ಕತ್ತಿ ಹಿಡಿಯುವ, ನಡುವಯಸ್ಸು ದಾಟಿದ ಒಬ್ಬ ಸವಾರ. ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಊರೂರು ಅಲೆಯುತ್ತಾನೆ. ಅವನಿಗೊಂದು ಕಥೆಯಿದೆ, ಕೊನೆಯೂ ಇದೆ. ಎರಡನೆಯದರಲ್ಲಿ ಒಂದು ದೋಣಿ ನಿಮ್ಮನ್ನು ದಡಕ್ಕೆ ಬಿಟ್ಟು ಹೋಗುತ್ತದೆ, ಅಷ್ಟೇ. ಹೆಸರು, ಮುಖ, ವಯಸ್ಸು ಎಲ್ಲ ನೀವೇ ಇಟ್ಟುಕೊಳ್ಳಬೇಕು. ಎದುರಿಗೆ ಬೆಟ್ಟಗುಡ್ಡ, ಯಾವ ಕಡೆಗಾದರೂ ಹೋಗಬಹುದು.

ಮೊದಲನೆಯದನ್ನು ಹಾಕಿ ಆಡತೊಡಗಿದೆ. ಮಾವ ಪೇಪರ್ ಓದುವಂತೆ ಕೂತಿದ್ದರು. ಸವಾರ ಕುದುರೆ ಹತ್ತಿ ಗಾಡಿರಸ್ತೆಗೆ ಇಳಿದಾಗ ಪೇಪರ್ ಕೆಳಗಾಯಿತು.

"ಅದು ತಾನಾಗೇ ಹೋಗ್ತೈತಾ?"

"ಇಲ್ಲ ಮಾವ, ಎಡಗೈ ಹೆಬ್ಬೆರಳಲ್ಲಿ ನಡೆಸಬೇಕು. ರಸ್ತೆ ಮೇಲಿದ್ರೆ ಕುದುರೇನೇ ತಿರುವು ತಗಂತದೆ."

ಅವರು ಕೈ ಚಾಚಿದರು. ನಾನು ಜಾಯ್‌ಸ್ಟಿಕ್ಕನ್ನು ಅವರ ಎರಡೂ ಕೈಗೆ ಹೊಂದಿಸಿ ಕೊಟ್ಟೆ. ಎಡ ಹೆಬ್ಬೆರಳು ಏಳಲಿಲ್ಲ. ಬಲಗೈಯಿಂದ ಅದನ್ನು ಎತ್ತಿ ಕುದುರೆ ನಡೆಸುವ ಪುಟ್ಟ ಗುಬುಟಿನ ಮೇಲೆ ಕೂರಿಸಿಕೊಂಡರು. ಕುದುರೆ ಎರಡು ಹೆಜ್ಜೆ ಹೋಗಿ ಬೇಲಿಗೆ ಮುಖ ಕೊಟ್ಟು ನಿಂತಿತು. ಆ ಮಧ್ಯಾಹ್ನವೆಲ್ಲ ಅದು ಬೇಲಿ, ಮರ, ಬಾವಿಕಟ್ಟೆಗಳಿಗೆ ಮುಖ ಕೊಟ್ಟುಕೊಂಡೇ ಇತ್ತು. ಆದರೆ ಮಾರನೆಯ ದಿನ ನಾನು ಲ್ಯಾಬಿನಿಂದ ಬರುವಷ್ಟರಲ್ಲಿ ಮಾವ ಟಿವಿಯ ಮುಂದೆ ಕುರ್ಚಿ ಎಳೆದುಕೊಂಡು ಕಾಯುತ್ತಿದ್ದರು.

ತೊಡಕಾದದ್ದು ಭಾಷೆ. ಆಟದವರೆಲ್ಲ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಯಾರು ಏನೆಂದರು ಎಂದು ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಬೇಕಾಗಿತ್ತು. ರೈತರು, ಮುದುಕಿಯರು, ವ್ಯಾಪಾರಿಗಳವರೆಗೆ ತೊಂದರೆಯಿರಲಿಲ್ಲ. ಒಂದು ಸೇತುವೆಯ ಮೇಲೆ ದಾರಿಗಳ್ಳನೊಬ್ಬ ಅಡ್ಡ ನಿಂತು ಬಾಯಿಗೆ ಬಂದಂತೆ ಬೈದ.

"ಏನಂದ?" ಎಂದರು ಮಾವ.

"ಕುದುರೆ ಬಿಟ್ಟು ಹೋಗಬೇಕಂತೆ, ಮಾವ."

"ಅಷ್ಟು ಮರ್ಯಾದೆಯಿಂದ ಕೇಳಿದ್ನಾ? ಮುಖ ನೋಡಿದ್ರೆ ಹಂಗೆ ಕಾಣಲ್ಲ. ಅಂದಿದ್ದು ಅಂದಂಗೆ ಹೇಳಮ್ಮ."

ನಾನು ನೆಲ ನೋಡುತ್ತ ಹೇಳಿದೆ. "ಲೇ ಮುದಿಯ, ಇಳಿಯೋ ಕೆಳಗೆ. ಕುದುರೆ ಬಿಟ್ಟು ಓಡು, ಇಲ್ಲಾಂದ್ರೆ ಹೊಟ್ಟೆ ಬಗೆದು ಹೊಳೆಗೆ ಎಸೀತೀನಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಾವ ನನ್ನ ಕಡೆ ತಿರುಗಿದರು. ಎಳೆದುಕೊಂಡ ಬಾಯಿಯಲ್ಲೇ ನಗು ಬಂತು, ಮದುವೆಯಾದ ಮೇಲೆ ನಾನು ಕಂಡ ಅವರ ಮೊದಲ ನಗು. "ಹಂಗನ್ನು ಮತ್ತೆ," ಎಂದು ಕತ್ತಿ ತೆಗೆದರು. ಅತ್ತೆ ಸೌಟು ಹಿಡಿದೇ ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು.

ಅಲ್ಲಿಂದ ಮುಂದೆ ನನಗೆ ಸಂಕೋಚ ಉಳಿಯಲಿಲ್ಲ. ಮಾವನ ಎದುರು ನಾನು ರಾಣಿಯಾಗಿ ಗತ್ತಿನಿಂದ ಮಾತಾಡಿದೆ, ಕುಡುಕನಾಗಿ ತೊದಲಿದೆ, ಮಗಳನ್ನು ಕಳೆದುಕೊಂಡ ಕಮ್ಮಾರನಾಗಿ ಗೋಳಾಡಿದೆ. ಸೊಸೆಯಾಗಿ ಆಡಲಾಗದ ಎಷ್ಟೋ ಮಾತು ಬೇರೆಯವರ ಬಾಯಿಂದ ಸಲೀಸಾಗಿ ಬಂತು. ಸಂಜೆ ನನ್ನ ಗಂಡ ಬಂದರೆ ಮಾವ ಆ ದಿನದ ಕಥೆ ಹೇಳುತ್ತಿದ್ದರು, ಊರಲ್ಲೇ ನಡೆದದ್ದೇನೋ ಎಂಬಂತೆ.

ಮಾವ ಆಡುವ ರೀತಿಯೂ ಬೇರೆ. ನಾನಾದರೆ ಕಥೆಯ ಹಿಂದೆ ಓಡುವವಳು. ಅವರು ರಸ್ತೆ ಬಿಡುತ್ತಿರಲಿಲ್ಲ, ಅಡ್ಡದಾರಿ ಹಿಡಿಯುತ್ತಿರಲಿಲ್ಲ. ರಸ್ತೆ ಬದಿಯಲ್ಲಿ ಯಾರು ಕೈ ಎತ್ತಿದರೂ ನಿಲ್ಲಿಸುತ್ತಿದ್ದರು. ತಮ್ಮನನ್ನು ಹುಡುಕುವ ಕೆಲಸ ಹಾಗೇ ಉಳಿದು, ಯಾರದೋ ಕಳೆದ ಆಡು, ಯಾರದೋ ಸಾಯುತ್ತಿರುವ ತಾಯಿಗೆ ಔಷಧಿ, ಇವೇ ಆಗುತ್ತಿದ್ದವು. ಆ ಆಟದ ದೊಡ್ಡತನ ನನಗೆ ತಿಳಿದದ್ದು ಆಗಲೇ. ಅಲ್ಲಿ ನೀವು ಮಾಡಿದ್ದನ್ನು ಜನ ಮರೆಯುವುದಿಲ್ಲ. ಔಷಧಿ ತಂದುಕೊಟ್ಟ ಮನೆಯ ಮುಂದೆ ಬಹಳ ದಿನದ ಮೇಲೆ ಹಾದುಹೋದಾಗ ಆ ತಾಯಿ ಹೊರಗೆ ಬಂದು, "ಈಗ ಓಡಾಡ್ತೀನಪ್ಪ" ಎಂದಳು. ಮಾವ ಕುದುರೆಯನ್ನು ಅಲ್ಲೇ ಸುಮಾರು ಹೊತ್ತು ನಿಲ್ಲಿಸಿಕೊಂಡಿದ್ದರು.

ಅತ್ತೆ ಈ ಆಟವನ್ನು ನಿಂತೇ ನೋಡುತ್ತಿದ್ದರು, ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೊಂಡು. ಒಂದು ದಿನ ಮಾವ ಫಿಸಿಯೋಥೆರಪಿಗೆ ಚಿತ್ರದುರ್ಗಕ್ಕೆ ಹೋಗಿದ್ದಾಗ, "ಇನ್ನೊಂದು ಐತೆ ಅಂದಿದ್ದೆಲ್ಲ, ಅದೆಂಥದ್ದು?" ಎಂದರು. ನಾನು ಎರಡನೆಯ ಆಟ ಹಾಕಿ, ಮುಖ ಮಾಡಿಕೊಳ್ಳುವ ಜಾಗಕ್ಕೆ ತಂದು ಕೊಟ್ಟೆ. ಅವರು ಮೂಗು ಸಣ್ಣದು ಮಾಡಿದರು, ದೊಡ್ಡದು ಮಾಡಿದರು. ಕೂದಲು ಬೆಳ್ಳಗೆ ಮಾಡಿ, ಬೇಡವೆಂದು ಕಪ್ಪು ಮಾಡಿ, ಕಡೆಗೆ ಅಲ್ಲಲ್ಲಿ ಬಿಳಿ ಬಿಟ್ಟರು. ಆಮೇಲೆ ಆಟ ಹೆಸರು ಕೇಳಿತು.

"ಯಾವ ಹೆಸರಾದ್ರೂ ಇಡಬೌದಾ?"

"ಇಡ್ರಿ ಅತ್ತೆ, ನಿಮ್ಮಿಷ್ಟ."

ಅವರು ಹೇಳಿದ ಹೆಸರನ್ನು ನಾನು ಅದುವರೆಗೆ ಕೇಳಿರಲಿಲ್ಲ. ಯಲ್ಲದಕೆರೆಯ ತವರಿನಲ್ಲಿ ಅವರಿಗಿದ್ದ ಹೆಸರಂತೆ. ಮದುವೆಯಾದಾಗ ಈ ಮನೆಯಲ್ಲಿ ಬೇರೆ ಇಟ್ಟರು.

ಆ ಆಟದಲ್ಲಿ ಅತ್ತೆ ಯಾವ ಯುದ್ಧಕ್ಕೂ ಹೋಗಲಿಲ್ಲ. ತೋಳ ಕಂಡರೆ ಜಾಯ್‌ಸ್ಟಿಕ್ಕನ್ನು ನನ್ನ ಕೈಗೆ ಕೊಡುತ್ತಿದ್ದರು. ಅವರಿಗೆ ಬೇಕಾಗಿದ್ದು ಗುಡ್ಡ ಹತ್ತುವುದು. ದೂರದಲ್ಲಿ ಏನಾದರೂ ಕಂಡರೆ ಅದರ ಕಡೆಗೆ ನೇರ ನಡೆದುಬಿಡುವುದು. ದಾರಿಯಲ್ಲಿ ಸೊಪ್ಪು, ಬೇರು, ಅಣಬೆ ಕಿತ್ತು ಚೀಲ ತುಂಬುವುದು. ಒಂದು ಹೊಳೆಯ ಪಕ್ಕ ಮನೆಯನ್ನೂ ಕಟ್ಟಿದರು. ಆಟದ ಬಗ್ಗೆ ನನಗೊಂದು ತಕರಾರಿತ್ತು: ಅಲ್ಲಿನ ಜನಕ್ಕೆ ಜೀವ ಸಾಲದು, ಎಷ್ಟು ಸಲ ಎದುರಾದರೂ ಅದದೇ ಮಾತು. ಅತ್ತೆಗೆ ಅದು ಕೊರತೆಯಾಗಿ ಕಾಣಲಿಲ್ಲ. "ಮಾತಾಡ್ಸೋರು ಕಡಿಮೆ ಇದ್ರೇನೇ ಚೆನ್ನ ಬಿಡೇ," ಎಂದರು.

ಮಾವ ವಾಪಸ್ಸು ಬಂದವರು ಟಿವಿಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿದ್ದ ಆ ಹೆಸರನ್ನು ಅಕ್ಷರ ಕೂಡಿಸಿ ಓದಿದರು.

"ಅದನ್ನ ಬದಲಾಯಿಸಿದ್ದು ನಮ್ಮವ್ವ. ನನ್ನೇನು ಕೇಳಿರಲಿಲ್ಲ," ಎಂದರು.

"ನನ್ನೂ ಕೇಳಿರಲಿಲ್ಲ," ಎಂದರು ಅತ್ತೆ, ಗುಡ್ಡ ಹತ್ತುತ್ತಲೇ.

ಆಮೇಲೆ ಮನೆಯಲ್ಲಿ ಒಂದು ಟಿವಿ, ಎರಡು ಆಟ. ಯಾರ ಸರದಿ ಯಾವಾಗ ಎಂಬ ಜಗಳ ದಿನವೂ. ನನಗೆ ಸೋಜಿಗವಾದದ್ದು, ಅವರಿಬ್ಬರು ಜಗಳವಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾವ ಡ್ಯೂಟಿಯಲ್ಲಿದ್ದಾಗ ನೈಟ್ ಹಾಲ್ಟ್ ಎಂದು ರಾತ್ರಿ ಬಸ್ಸಿನ ಜತೆ ಬೇರೆ ಊರಲ್ಲಿ ಉಳಿದು, ಮನೆಗೆ ಬಂದರೆ ಉಂಡು ಮಲಗುತ್ತಿದ್ದರಂತೆ. ಜಗಳಕ್ಕೂ ಬಿಡುವಿರಲಿಲ್ಲ ಎಂದು ನನ್ನ ಗಂಡ ಹೇಳಿದರು.

"ನಿನ್ನ ಆಟಕ್ಕೆ ಬೋರ್ಡೇ ಇಲ್ಲ. ಎಲ್ಲಿಗೆ ಹೋಗ್ತೀಯ ಅಂತ ಗೊತ್ತಿಲ್ದೆ ಹೊಂಡೋದಾ?" ಎಂದು ಮಾವ.

"ನೀವು ಜೀವಮಾನವೆಲ್ಲ ಬೋರ್ಡ್ ಹಾಕ್ಕಂಡೇ ಹೋಗಿದ್ದೀರಲ್ಲ, ಸಾಕಾಗಿಲ್ವಾ? ನಾನು ಯಲ್ಲದಕೆರೆಗೆ ಹೋಗಬೇಕಂದ್ರೂ ಯಾರಾದ್ರೂ ಜತೆಗೆ ಬೇಕಾಗಿತ್ತು. ಇದರಾಗೆ ಯಾರೂ ಬೇಡ."

ಮಾವ ಆ ದಿನ ಸರದಿ ಬಿಟ್ಟುಕೊಟ್ಟರು.

ಅಷ್ಟರಲ್ಲಿ ಮಾವನ ಎಡಗೈ ಲೋಟ ಹಿಡಿಯುವಷ್ಟಾಗಿತ್ತು. ಫಿಸಿಯೋಥೆರಪಿಯ ಹುಡುಗಿ ಚೆಂಡಿನ ಗುಣವೆಂದುಕೊಂಡಳು. ನಾವು ತಿದ್ದಲಿಲ್ಲ.

ಮಾವನ ರಸ್ತೆ ಆಟ ಕೊನೆಗೆ ಬಂದಿತ್ತು. ಸವಾರನ ತಮ್ಮ ಸಿಕ್ಕ. ಆದರೆ ಅವನನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಬೇರೆಯವರ ನಡುವೆ, ಬೇರೆ ಹೆಸರಿನಲ್ಲಿ, ನೆಮ್ಮದಿಯಾಗಿದ್ದ. ಇಲ್ಲಿ ಆಟ ನಿಮ್ಮನ್ನು ಕೇಳುತ್ತದೆ: ಬಲವಂತವಾಗಿ ಕರೆದೊಯ್ಯುತ್ತೀಯೋ, ಬಿಟ್ಟು ಹೋಗುತ್ತೀಯೋ. ಮಾವ ಜಾಯ್‌ಸ್ಟಿಕ್ಕನ್ನು ತೊಡೆಯ ಮೇಲಿಟ್ಟು ಕೂತರು. ಒತ್ತಲಿಲ್ಲ. ಮಾರನೆಯ ದಿನವೂ ಅಲ್ಲಿಗೇ ಬಂದು, ಒತ್ತದೆ ಎದ್ದು ಹೋದರು. ಕೊನೆಗೆ ಒಂದು ಮಧ್ಯಾಹ್ನ ಅತ್ತೆಯನ್ನು ಕರೆದರು.

"ಬಾರೇ ಇಲ್ಲಿ, ಕುಂತ್ಕ. ಏನು ಮಾಡಾಣ ಹೇಳು."

ಅತ್ತೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತರು. "ಆ ಹುಡುಗ ಏನಂತಾನೆ?" ಎಂದು ನನ್ನನ್ನು ಕೇಳಿದರು.

"'ಅಣ್ಣ, ನೀನು ಇಷ್ಟು ದೂರ ಬಂದಿದ್ದು ಸಂತೋಷ. ನಾನು ಬರಲ್ಲ' ಅಂತಾನೆ."

"ಮತ್ತಿನ್ನೇನು, ಬರಲ್ಲ ಅಂತ ಬಾಯಿಬಿಟ್ಟು ಹೇಳಿದ ಮ್ಯಾಲೆ ಬಿಡ್ರಿ. ನೋಡಿದ್ರಲ್ಲ, ಚೆನ್ನಾಗವನೆ."

ಮಾವ ಎಡಗೈ ಹೆಬ್ಬೆರಳಿನಿಂದಲೇ ಆಯ್ಕೆಯನ್ನು ಸರಿಸಿ ಒತ್ತಿದರು. ಅಣ್ಣ ಕುದುರೆ ಹತ್ತಿದ, ತಮ್ಮ ಬಾಗಿಲಲ್ಲಿ ನಿಂತ. ಆಮೇಲೆ ಕಪ್ಪು ಪರದೆಯ ಮೇಲೆ ಹೆಸರುಗಳು ಮೇಲೇರತೊಡಗಿದವು.

"ಇವರೆಲ್ಲ ಯಾರು?"

"ಆಟ ಮಾಡಿದೋರು, ಮಾವ."

"ಇಷ್ಟು ಜನಾನಾ?" ಎಂದು ಕೊನೆಯ ಹೆಸರಿನವರೆಗೂ ಕೂತು ನೋಡಿದರು. ಬಸ್ಸಿನಿಂದ ಕೊನೆಯ ಪ್ರಯಾಣಿಕ ಇಳಿಯುವವರೆಗೂ ಅವರು ಹೀಗೇ ಕಾಯುತ್ತಿದ್ದಿರಬೇಕು ಎನ್ನಿಸಿತು ನನಗೆ.

ಮುಂದಿನ ಕೆಲವು ದಿನ ಮಾವ ಮಂಕಾಗಿದ್ದರು. ಮುಗಿದ ಕಥೆಯನ್ನು ಮತ್ತೆ ಮೊದಲಿಂದ ಆಡಲು ಮನಸ್ಸಿಲ್ಲ. ಪೇಪರ್ ಹಿಡಿದು ಕೂರುತ್ತಿದ್ದರು, ಪುಟ ತಿರುಗುತ್ತಿರಲಿಲ್ಲ. ಆಗ ಅತ್ತೆಯೇ ತಮ್ಮ ಗುಡ್ಡದ ಆಟವನ್ನು ಅವರ ಕೈಗೆ ಕೊಟ್ಟರು. ಒಂದು ದಿನ ನಾನು ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವಾಗ ಒಳಗಿಂದ ಮಾತು ಕೇಳಿಸುತ್ತಿತ್ತು.

"ರಸ್ತೆ ಬಿಟ್ಟು ಈ ಕಡೆ ಇಳೀರಿ."

"ಬೀಳ್ತೀವಿ ಕಣೇ."

"ಬೀಳಲ್ಲ, ನಾನು ಇಳಿದಿದ್ದೀನಿ. ಆ ಬಂಡೆ ಪಕ್ಕಕ್ಕೆ ಹೋಗಾಣ, ಅಲ್ಲೊಂದು ಅಬ್ಬಿ ಐತೆ."

ಮಾವ ಅಳುಕಿ ಅಳುಕಿ ಇಳಿಸಿದರು. ಬಂಡೆಯಿಂದ ಧುಮುಕುವ ನೀರು ಕಂಡಾಗ ಇಬ್ಬರೂ ಅದನ್ನೇ ನೋಡುತ್ತ ಕೂತರು. ನಾನು ಬಾಗಿಲಲ್ಲೇ ನಿಂತೆ. ಅವರಿಗೆ ನನ್ನ ಅನುವಾದ ಬೇಕಿರಲಿಲ್ಲ. ಆ ಜಾಗದಲ್ಲಿ ಮಾತಾಡುವವರು ಯಾರೂ ಇರಲಿಲ್ಲ.

ಈಗಲೂ ಭಾನುವಾರ ಬಿಟ್ಟು ಟಿವಿ ಅವರಿಬ್ಬರದೇ. ಉಳಿದ ದಿನ ನನ್ನ ಗಂಡ ಕ್ರಿಕೆಟ್ಟನ್ನು ಮೊಬೈಲಿನಲ್ಲಿ ನೋಡಿಕೊಳ್ಳುತ್ತಾರೆ. ಮೊನ್ನೆ ಸೊಪ್ಪು ಸೋಸುವಾಗ ಅತ್ತೆ, "ಎರಡರಾಗೆ ನಿನಗೆ ಯಾವುದು ಇಷ್ಟ, ನಿಜ ಹೇಳು" ಎಂದು ಕೇಳಿದರು. ನಾನು ರಸ್ತೆ ಆಟ ಎಂದೆ.

"ನೀನೂ ಅವರ ಕಡೆನಾ?"

"ಹಂಗಲ್ಲ ಅತ್ತೆ. ಅದರಾಗೆ ನನಗೆ ಮಾತಾಡೋಕೆ ಸಿಕ್ತು."

ಅತ್ತೆ ಒಂದು ದಂಟು ಮುರಿದು ಪಕ್ಕಕ್ಕಿಟ್ಟರು. "ಅದೂ ಸರಿನೇ," ಎಂದು ಮೊರವನ್ನು ನನ್ನ ಕಡೆಗೆ ಸರಿಸಿದರು.