ಮಗುವನ್ನು ದಾಟಿದ್ದಕ್ಕೆ

ಅರವತ್ತರ ದಶಕದಲ್ಲಿ ಸಾಗರದ ಕಾಲೇಜಿನ ಚರ್ಚಾಸ್ಪರ್ಧೆಗಳನ್ನು ಗೆಲ್ಲುತ್ತಿದ್ದ ನಾನು, ರಜೆಗೆಂದು ಹೊಸನಗರದ ಮನೆಗೆ ಬಂದವಳು, ಚಾಪೆಯ ಮೇಲೆ ಮಲಗಿದ್ದ ಅಣ್ಣನ ಮಗಳನ್ನು ದಾಟಿಬಿಟ್ಟೆ. ಹಾಗೆ ದಾಟಿದರೆ ಮಗು ಬೆಳೆಯುವುದಿಲ್ಲವೆಂದು ನಮ್ಮ ಕಡೆ ನಂಬಿಕೆ. ದಾಟಿದವರೇ ಹಿಂದಕ್ಕೆ ದಾಟಿದರೆ ದೋಷ ಹೋಗುತ್ತದೆ.

"ವಾಪಸ್ ದಾಟು ಮಾರಾಯ್ತಿ, ಅದು ಮೊದ್ಲೇ ಬೆಳೀತಿಲ್ಲ" ಎಂದಳು ಅಜ್ಜಿ.

ಬೆಳೆಯದಿದ್ದದ್ದು ನಿಜ. ವರ್ಷ ತುಂಬಿದ ಮಗುವಿಗೆ ನಾಮಕರಣದಲ್ಲಿ ಹೊಲಿಸಿದ ಅಂಗಿಯೇ ಇನ್ನೂ ಸಡಿಲ. ಗಟ್ಟಿ ಅನ್ನ ಅರಗುವುದಿಲ್ಲವೆಂದು ಅಜ್ಜಿ ಎದೆಹಾಲಿನ ಜೊತೆಗೆ ಗಂಜಿಯ ತಿಳಿಯನ್ನಷ್ಟೇ ಕುಡಿಸುತ್ತಿದ್ದಳು.

"ನಾನು ದಾಟಿದ್ದು ಇವತ್ತು. ಇಷ್ಟು ದಿನ ಯಾಕೆ ಬೆಳೀಲಿಲ್ಲ?" ಎಂದೆ.

"ಬೆಕ್ಕು ದಾಟಿರ್ಬೇಕು."

"ಹಂಗಾದ್ರೆ ಬೆಕ್ಕನ್ನೂ ಹಿಡ್ದು ವಾಪಸ್ ದಾಟ್ಸು. ಬರೀ ತಿಳಿ ಕುಡ್ಸಿದ್ರೆ ನಿನ್ನ ಎಮ್ಮೆಕರುನೂ ಬೆಳೆಯಲ್ಲ."

ವಾದ ಕಾಫಿ ಆರುವವರೆಗೂ ನಡೆಯಿತು. ಕೊನೆಗೆ ಅತ್ತಿಗೆ ಅಡುಗೆಮನೆಯಿಂದ ಬಂದು, "ಇವ್ಳು ವಾಪಸ್ ದಾಟ್ಲಿ. ಆದ್ರೆ ನಾಳೆಯಿಂದ ನನ್ನ ಮಗಳಿಗೆ ನಾನೇ ಉಣಿಸ್ತೀನಿ. ಯಾರೂ ಬೇಡ ಅನ್ಬಾರ್ದು" ಎಂದಳು. ಅಜ್ಜಿ ಒಪ್ಪಿದಳು. ನಾನು ತರ್ಕವನ್ನು ಬದಿಗಿಟ್ಟು, ಸೀರೆ ಎತ್ತಿಕೊಂಡು ಹಿಂದಕ್ಕೆ ದಾಟಿದೆ.

ಮರುದಿನದಿಂದ ಅತ್ತಿಗೆ ಎದೆಹಾಲು ಬಿಡಿಸದೆಯೇ ಬೇಳೆ, ಸೊಪ್ಪು, ತುಪ್ಪ ಸೇರಿಸಿ ಮಿದಿದ ಅನ್ನವನ್ನೂ ಕಿವುಚಿದ ಬಾಳೆಹಣ್ಣನ್ನೂ ದಿನಕ್ಕೆ ನಾಲ್ಕಾರು ಸಲ ಉಣಿಸಿದಳು.

ಮುಂದಿನ ರಜೆಯ ಹೊತ್ತಿಗೆ ಆ ಅಂಗಿ ಮಗುವಿನ ಕುತ್ತಿಗೆಯಿಂದ ಕೆಳಗೆ ಇಳಿಯುತ್ತಿರಲಿಲ್ಲ. "ಇವ್ಳು ವಾಪಸ್ ದಾಟಿದ್ದೇ ದಾಟಿದ್ದು, ನೋಡಿ ಹೆಂಗೆ ಬೆಳೀತು" ಎಂದು ಅಜ್ಜಿ ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದಳು. ನಾನು ವಾದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಮತ್ತೆ ಬಸುರಿಯಾಗಿದ್ದ ಅತ್ತಿಗೆ ನನ್ನ ಕೈ ಹಿಡಿದೆಳೆದಳು.

"ಸುಮ್ನಿರೇ. ಈ ಮಗುಗೂ ನೀನೇ ದಾಟ್ಕೊಡ್ಬೇಕು."